ಗದ್ದದ ಮೇಲಿನ ಮೂರನೆಯ ಚುಕ್ಕಿ

ನನಗೆ ಸಿಟ್ಟು ಬೇಗ. ಇದನ್ನು ನಾನೇ ಮೊದಲು ಹೇಳಿಬಿಡುವುದು ಮೇಲು, ಇಲ್ಲದಿದ್ದರೆ ಆದೋನಿಯಲ್ಲಿ ನಮ್ಮ ಅಂಗಡಿಗೆ ಬಂದುಹೋದ ಯಾರಾದರೂ ಹೇಳಿಯೇ ಹೇಳುತ್ತಾರೆ. ಮದುವೆಯಲ್ಲಿ ತಾಂಬೂಲ ಹಾಕಿ ಕೊಡುವ ಬಟ್ಟೆಚೀಲದ ಮೇಲೆ ಹೆಸರು, ಫೋಟೋ ಅಚ್ಚು ಹಾಕುವುದು ನಮ್ಮ ಕೆಲಸ. ಫೋನಿನಲ್ಲಿ ಹತ್ತು ಕೈ ದಾಟಿ ಬಂದ ಮಸುಕು ಫೋಟೋ ತೋರಿಸಿ, ಮುಖ ಸ್ವಲ್ಪ ಬೆಳ್ಳಗೆ ಮಾಡಿ ಅನ್ನುವವರಿಗೆ ಇಪ್ಪತ್ತು ವರ್ಷದಿಂದ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಚೂಪಾಗಿದೆ. ನಮ್ಮವರು ಇದಕ್ಕೆ ತದ್ವಿರುದ್ಧ. ಹಿಂದಿನ ಕೋಣೆಯಲ್ಲಿ ಅಚ್ಚಿನ ಜಾಲರಿಯ ಸ್ಕ್ರೀನ್ ತಯಾರಿಸುತ್ತ ಕೂತರೆ ಇಡೀ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಗಿರಾಕಿಗಳು ನನ್ನಿಂದ ಬೈಸಿಕೊಂಡು, ಅವರ ಹತ್ತಿರ ಹೋಗಿ ಒಂದು ಲೋಟ ನೀರು ಕುಡಿದು, ಸಮಾಧಾನವಾಗಿ ಮನೆಗೆ ಹೋಗುತ್ತಾರೆ.

ನಾನು ಸೊಸೆಯಾಗಿ ಬಂದಾಗ ಅಂಗಡಿ ಮಾವನವರದು. ಅವರು ಅಕ್ಷರ ಮಾತ್ರ ಹಾಕುತ್ತಿದ್ದರು. ಫೋಟೋ ಹಾಕುವ ಹುಚ್ಚು ಹತ್ತಿಸಿದವಳು ನಾನು. ಬಸ್‌ಸ್ಟ್ಯಾಂಡಿನ ಹತ್ತಿರ ಮೂರು ತಿಂಗಳು ಕಂಪ್ಯೂಟರ್ ಕಲಿತೆ, ಉಳಿದದ್ದನ್ನೆಲ್ಲ ಹಾಳಾದ ಬಟ್ಟೆಯೇ ಕಲಿಸಿತು.

ಅಚ್ಚಿಗೆ ಬೂದುಬಣ್ಣ ಅನ್ನುವುದು ಗೊತ್ತಿಲ್ಲ. ಮಸಿ ಬಿದ್ದ ಕಡೆ ಕಪ್ಪು, ಬೀಳದ ಕಡೆ ಬಟ್ಟೆಯ ಬಿಳಿ, ಅಷ್ಟೇ. ಕೆನ್ನೆಯ ನೆರಳು, ಕಣ್ಣಿನ ಕೆಳಗಿನ ಕಪ್ಪು, ತುಟಿಯ ಅಂಚು ಇವೆಲ್ಲ ಬರಬೇಕಾದರೆ ಕಂಪ್ಯೂಟರಿನಲ್ಲಿ ಫೋಟೋವನ್ನು ಚುಕ್ಕಿ ಮಾಡಬೇಕು. ಕೂದಲಿನಲ್ಲಿ ದಪ್ಪ ಚುಕ್ಕಿ, ಹಣೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿ, ಎಲ್ಲ ಸಾಲುಸಾಲಾಗಿ. ಇದಕ್ಕೆ ಹಾಫ್‌ಟೋನ್ ಎಂದು ಹೆಸರು. ಹತ್ತಿರದಿಂದ ನೋಡಿದರೆ ಬರೀ ಚುಕ್ಕಿ, ಎರಡು ಹೆಜ್ಜೆ ಹಿಂದೆ ಸರಿದರೆ ಮುಖ. ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಹತ್ತಿಬಟ್ಟೆ ಮಸಿ ಕುಡಿಯುತ್ತದೆ, ಚುಕ್ಕಿ ಊದಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಅರ್ಧ ಕಪ್ಪು ಇದ್ದದ್ದು ಚೀಲದ ಮೇಲೆ ಮುಕ್ಕಾಲು ಕಪ್ಪಾಗಿ ಬರುತ್ತದೆ. ನಗುತ್ತಿದ್ದ ಮದುಮಗ ಮುಖಕ್ಕೆ ಮಸಿ ಬಳಿಸಿಕೊಂಡವನಂತೆ ಕಾಣುತ್ತಾನೆ.

ಅದಕ್ಕೇ ಹೊಸ ಬಟ್ಟೆ ಬಂದಾಗಲೆಲ್ಲ ಮೊದಲು ಒಂದು ಪಟ್ಟಿ ಹೊಡೆಯುತ್ತೇವೆ. ಬಿಳಿಯಿಂದ ಕಪ್ಪಿನವರೆಗೆ ಹನ್ನೊಂದು ಮನೆ, ಮೆಟ್ಟಿಲು ಮೆಟ್ಟಿಲಾಗಿ. ಯಾವ ಮನೆ ಎಷ್ಟು ಊದಿತು ಎಂದು ಭೂತಗನ್ನಡಿ ಹಿಡಿದು ನೋಡಿ, ಅಷ್ಟನ್ನು ಕಂಪ್ಯೂಟರಿನಲ್ಲಿ ಮೊದಲೇ ಇಳಿಸುತ್ತೇವೆ. ಕ್ಯಾಲಿಬ್ರೇಶನ್ ಅನ್ನುವ ದೊಡ್ಡ ಹೆಸರು ಇದಕ್ಕಿದೆ ಎಂದು ಬಹಳ ವರ್ಷಗಳ ಮೇಲೆ ನನಗೆ ತಿಳಿಯಿತು. ಬೇಸಿಗೆಯಲ್ಲಿ ಮಸಿ ಜಾಲರಿಯಲ್ಲೇ ಒಣಗಿ ಸಣ್ಣ ಚುಕ್ಕಿ ಮಾಯವಾಗುತ್ತದೆ, ಮಳೆಗಾಲದಲ್ಲಿ ಎಲ್ಲ ದಪ್ಪ. ಇವನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕನ್ನು ನಾನು ಬೀರುವಿನಲ್ಲಿ ಒಡವೆ ಡಬ್ಬಿಯ ಪಕ್ಕದಲ್ಲಿ ಇಡುತ್ತೇನೆ. ಅದರಲ್ಲಿ ಒಂದು ಗುಟ್ಟೂ ಇದೆ. ಎಲ್ಲರ ಮುಖಕ್ಕೂ ಪಟ್ಟಿ ಹೇಳಿದ್ದಕ್ಕಿಂತ ಒಂದು ಮನೆ ಬಿಳುಪು ಹೆಚ್ಚಿಗೆ ಕೊಡುತ್ತೇನೆ. ಬೈದುಕೊಂಡೇ ಕೊಡುತ್ತೇನೆ, ಆದರೆ ಕೊಡುತ್ತೇನೆ.

ಆದೋನಿಯದೇ ಆದ ಇನ್ನೊಂದು ಕಾಟವಿದೆ. ಹತ್ತಿ ಬರುವ ಕಾಲಕ್ಕೆ ಈ ಊರಿನ ಗಾಳಿಯಲ್ಲೇ ಎಳೆ ಹಾರುತ್ತದೆ. ಕಿಟಕಿ ಮುಚ್ಚಿದರೂ ಬರುತ್ತದೆ, ತಲೆಯ ಮೇಲೆ ಕೂತು ಬರುತ್ತದೆ. ನಮ್ಮ ಸ್ಕ್ರೀನಿನ ಜಾಲರಿಗೆ ಬೆಳಕು ತಾಗಿದರೆ ಗಟ್ಟಿಯಾಗುವ ಒಂದು ಮದ್ದು ಬಳಿದಿರುತ್ತೇವೆ. ಮೇಲೆ ಚುಕ್ಕಿ ಮೂಡಿದ ಫಿಲ್ಮ್ ಇಟ್ಟು ಬೆಳಕು ಬಿಟ್ಟು ತೊಳೆದರೆ, ಚುಕ್ಕಿಯಿದ್ದಲ್ಲಿ ಮಾತ್ರ ಮದ್ದು ಹೋಗಿ ಮಸಿ ಇಳಿಯುವ ತೂತಾಗುತ್ತದೆ. ಮದ್ದಿನ ಮೇಲೆ ಎಳೆಯ ಒಂದು ಚೂರು ಕೂತರೆ ಸಾಕು, ಆ ಜಾಗಕ್ಕೆ ಬೆಳಕು ತಾಗುವುದಿಲ್ಲ, ಮದ್ದು ಗಟ್ಟಿಯಾಗುವುದಿಲ್ಲ, ತೊಳೆದಾಗ ಅಲ್ಲೊಂದು ಸೂಜಿಮೊನೆಯಷ್ಟು ತೂತು. ಅದರಿಂದ ಮಸಿ ಇಳಿದು ಮದುಮಗಳ ಮೂಗಿನ ಮೇಲೆ ಇಲ್ಲದ ಮಚ್ಚೆ ಮೂಡುತ್ತದೆ. ನಮ್ಮವರು ಒಂದೊಂದು ಸ್ಕ್ರೀನನ್ನೂ ಬೆಳಕಿಗೆ ಹಿಡಿದು, ಸಣ್ಣ ಕುಂಚದಿಂದ ಇಂಥ ತೂತುಗಳನ್ನು ಮುಚ್ಚುತ್ತಾರೆ. ಸಾಲು ತಪ್ಪಿದ ಚುಕ್ಕಿ ಕಂಡರೆ ನಮ್ಮಿಬ್ಬರಿಗೂ ಕೈ ತಡೆಯುವುದಿಲ್ಲ. ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತು, ಪಕ್ಕದವರ ಚೀಲದ ಮೇಲಿನ ಚುಕ್ಕಿಯನ್ನು ಉಗುರಿನಿಂದ ಕೆರೆದು ನಾನು ಮಾತು ಕೇಳಿದ್ದೇನೆ. ಈ ಅಭ್ಯಾಸವೇ ಹೋದ ವರ್ಷ ನನ್ನ ಮರ್ಯಾದೆ ತೆಗೆಯಿತು.

ಹತ್ತಿಯ ಕಾಲ, ಮದುವೆಗಳ ಕಾಲ. ಒಂದು ಬೆಳಿಗ್ಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕಪ್ಪನೊಬ್ಬ, ಜೊತೆಗೆ ಇಪ್ಪತ್ತರ ಆಸುಪಾಸಿನ ಮಗಳು, ಅಂಗಡಿಗೆ ಬಂದರು. ಚಿಪ್ಪಗಿರಿ ಕಡೆಯ ಹಳ್ಳಿಯ ಕುರಿಗಾರರು. ಶೇರ್ ಆಟೋದಲ್ಲಿ ತುರುಕಿಕೊಂಡು, ಆಮೇಲೆ ಬಸ್ಸು ಹಿಡಿದು ಬಂದಿದ್ದರು. ಮುದುಕಪ್ಪ ಟವೆಲಿನೊಳಗೆ ಮಡಿಸಿಟ್ಟಿದ್ದ ಒಂದು ಹಳೆಯ ಚೀಲ ತೆಗೆದು ಮೇಜಿನ ಮೇಲೆ ಹರಡಿದ. ತೆಲುಗಿನಲ್ಲಿ ಮದುಮಕ್ಕಳ ಹೆಸರು, ಕೆಳಗೆ ಕೈ ಮುಗಿದ ಗಂಡಹೆಂಡತಿಯ ಫೋಟೋ, ಒಂದೊಂದು ಮುಖ ನಿಂಬೆಹಣ್ಣಿನಷ್ಟು. ಒರಟು ಚುಕ್ಕಿ, ಊದಿದ ಕಪ್ಪು. ಇದ್ಯಾವ ಹೊಲಸು ಕೆಲಸ ಎಂದು ಬಾಯಿ ತೆರೆಯುವಷ್ಟರಲ್ಲಿ ಮೂಲೆಯಲ್ಲಿ ನಮ್ಮ ಅಂಗಡಿಯ ಗುರುತು ಕಂಡಿತು. ಬಾಯಿ ಮುಚ್ಚಿಕೊಂಡೆ. ಅದು ನನ್ನದೇ ಕೆಲಸ, ಫೋಟೋ ಹಾಕಲು ಶುರು ಮಾಡಿದ ಮೊದಲ ವರ್ಷದ್ದು.

ಮುದುಕಪ್ಪ ಹೇಳಿದ ಮೇಲೆ ನನಗೂ ನೆನಪು ಬಂತು. ಅವನ ದೊಡ್ಡ ಮಗಳ ಮದುವೆಗೆ ಹೆಸರು ಮಾತ್ರ ಹಾಕಿಸಲು ಬಂದಿದ್ದರು, ಗಂಡಹೆಂಡತಿ ಇಬ್ಬರೂ. ನಾನೇ ಗಂಟುಬಿದ್ದು ಅವರಿಬ್ಬರ ಫೋಟೋ ಹಾಕಿಸಿದ್ದೆ. ಉಣ್ಣೆ ಮಾರಿದ ದಿನ ಆದೋನಿಯ ಸ್ಟುಡಿಯೋದಲ್ಲಿ ತೆಗೆಸಿದ ಜೋಡಿ ಫೋಟೋ ಒಂದಿತ್ತು. ಹೆಂಡತಿಯ ಮುಖ ಇದ್ದ ಫೋಟೋ ಅದೊಂದೇ. ಕೊಡಲು ಹಿಂದೆಮುಂದೆ ನೋಡಿದಾಗ ನಾನು ದೊಡ್ಡ ಮಾತು ಆಡಿದ್ದೆನಂತೆ. ಮುದುಕಪ್ಪ ಅದನ್ನು ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದ.

"ಫೋಟೋ ಹೋದ್ರೂ ಚಿಂತಿಲ್ಲ, ಕಂಪ್ಯೂಟರ್‌ನಾಗ ಇರ್ತೈತಿ ಅಂತ ನೀವಾ ಹೇಳಿದ್ರಿ ತಾಯಿ. ಅದಕ್ಕ ಬಂದೀನಿ."

ಆ ಮದುವೆಯ ವರ್ಷವೇ ಈ ಚಿಕ್ಕ ಮಗಳು ಹುಟ್ಟಿದ್ದು. ಕೂಸಿಗೆ ಎರಡು ವರ್ಷ ತುಂಬುವುದರೊಳಗೆ ತಾಯಿ ಜ್ವರದಲ್ಲಿ ಹೋದಳು. ಪೆಟ್ಟಿಗೆಯಲ್ಲಿದ್ದ ಫೋಟೋವನ್ನು ಗೆದ್ದಲು ತಿಂದಿತು. ಗೆದ್ದಲು ತಿಂದಾಗಲೂ ಮುದುಕಪ್ಪ ಗಾಬರಿಯಾಗಲಿಲ್ಲವಂತೆ, ಆದೋನಿಯಲ್ಲಿ ಇದೆಯಲ್ಲ ಎಂದುಕೊಂಡನಂತೆ. ಆದೋನಿಯಲ್ಲಿ ಎಲ್ಲಿತ್ತು? ಆ ಕಂಪ್ಯೂಟರ್ ಸತ್ತು, ಅದರ ಮೇಲೆ ಮತ್ತೆರಡು ಸತ್ತು, ಹಳೆಯ ಫೈಲುಗಳೆಲ್ಲ ಗುಜರಿಯವನ ತಕ್ಕಡಿಗೆ ಹೋಗಿದ್ದವು. ಹಾಗೆ ಹೇಳಿದಾಗ ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ಮಗಳಿಗೆ ಹದಿನೈದು ದಿನಕ್ಕೆ ಮದುವೆ. ಅವಳದು ಒಂದೇ ಆಸೆ, ತನ್ನ ಮದುವೆಯ ಚೀಲದ ಮೇಲೆ ಅಮ್ಮ ಇರಬೇಕು. ನಿಜವಾಗಿ ಅವಳಿಗೆ ಬೇಕಾಗಿದ್ದದ್ದು ಚೀಲವಲ್ಲ ಎಂದು ಸ್ವಲ್ಪ ಹೊತ್ತಿಗೆ ನನಗೆ ಗೊತ್ತಾಯಿತು. ಅವಳಿಗೆ ತಾಯಿಯ ಮುಖ ಗೊತ್ತಿಲ್ಲ. ಊರಲ್ಲಿ ಎಲ್ಲರೂ ನೀನು ಅವ್ವನಂಗ ಇದ್ದಿ ಅನ್ನುತ್ತಾರೆ. ಇವಳು ಈ ಚೀಲ ತೆಗೆದು ನೋಡಿದರೆ ಬರೀ ಮಸಿ. ಭೂತಗನ್ನಡಿ ಕೊಟ್ಟೆ. ಅವಳು ನೋಡಿ ಏನೂ ಕಾಣಲಿಲ್ಲವೆಂದು ಅಪ್ಪನಿಗೆ ಕೊಟ್ಟಳು. ಮುದುಕಪ್ಪ ಬಗ್ಗಿ ನೋಡಿ, ಇಲ್ಲಿ ಯಾರೂ ಇಲ್ಲ ಅಂದ. ಆಮೇಲೆ ಎದ್ದು ಬಾಗಿಲಿನವರೆಗೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನಿಂತು, ಇಲ್ಲಿಂದ ಸ್ವಲ್ಪ ಬರ್ತಾಳ ಅಂದ. ಆ ಮಾತು ನನಗೆ ತಡೆಯಲಾಗಲಿಲ್ಲ. ಮಾಡಿಕೊಡುತ್ತೇನೆ, ವಾರ ಬಿಟ್ಟು ಬನ್ನಿ ಎಂದು ಸಿಡುಕಿನಿಂದಲೇ ಹೇಳಿ ಕಳಿಸಿದೆ.

ನಮ್ಮವರು ಒಳಗಿನಿಂದ ಬಂದು ಚೀಲ ನೋಡಿ, ಆಗಲ್ಲ ಎಂದು ತಲೆ ಅಲ್ಲಾಡಿಸಿದರು. ಅವರು ಹೇಳಿದ್ದು ಸರಿಯೇ. ಫೋಟೋದಿಂದ ಚುಕ್ಕಿ ಮಾಡಬಹುದು, ಚುಕ್ಕಿಯಿಂದ ಫೋಟೋ ಮಾಡುವುದು ಹಿಟ್ಟಿನಿಂದ ಜೋಳ ಮಾಡಿದ ಹಾಗೆ. ಆದರೂ ಸ್ಕ್ಯಾನ್ ಮಾಡಿದೆ. ಅದಕ್ಕೆ ಹೊಸ ಚುಕ್ಕಿ ಹಾಕಿದ ಕೂಡಲೇ ಹಳೆಯ ಸಾಲು, ಹೊಸ ಸಾಲು ಒಂದಕ್ಕೊಂದು ಜಗಳಕ್ಕೆ ಬಿದ್ದವು. ಎರಡು ಸೊಳ್ಳೆಪರದೆಯನ್ನು ಒಂದರ ಮೇಲೊಂದು ಹಾಕಿ ನೋಡಿ, ಅಲೆ ಅಲೆಯಾಗಿ ಕಾಣುತ್ತದೆ. ಅವಳ ಮುಖದ ತುಂಬ ಅದೇ ಅಲೆ. ಸಾಲುಗಳ ಕೋನ ತಿರುಗಿಸಿ ನೋಡಿದೆ. ಅಲೆ ಕೆನ್ನೆಯಿಂದ ಹಣೆಗೆ ಹೋಯಿತು, ಮುಖ ಬಿಟ್ಟು ಹೋಗಲಿಲ್ಲ.

ಕಡೆಗೆ ಒಂದು ದಾರಿ ಹಿಡಿದೆ. ಹಳೆಯ ಚುಕ್ಕಿಯನ್ನೆಲ್ಲ ಕಂಪ್ಯೂಟರಿನಲ್ಲಿ ಕದಡಿ ಕರಗಿಸಿದೆ. ಅಲೆ ಹೋಯಿತು, ಜೊತೆಗೆ ಕಣ್ಣು ಮೂಗೂ ಮಂಜಾದವು. ಅವನ್ನು ಒಂದೊಂದಾಗಿ ಕೈಯಿಂದ ತಿದ್ದಿದೆ. ಬೇರೆ ಗಿರಾಕಿಗಳ ಕೆಲಸ ಪಕ್ಕಕ್ಕೆ ತಳ್ಳಿ ಮೂರು ದಿನ ಇದೇ. ರೆಪ್ಪೆ ಬಂತು, ಮೂಗುತಿ ಬಂತು, ತುಟಿ ಬಂತು. ಗದ್ದದ ಮೇಲೆ ಮಾತ್ರ ಮೂರು ಕಪ್ಪು ಗಂಟು ಉಳಿದವು. ಎರಡು ನೆಟ್ಟಗೆ ಒಂದರ ಕೆಳಗೊಂದು, ಮೂರನೆಯದು ಸಾಲು ಬಿಟ್ಟು ಬಲಗಡೆಗೆ ಜಾರಿತ್ತು. ಆ ಚೀಲ ಅಚ್ಚಾದದ್ದೂ ಹತ್ತಿಯ ಕಾಲದಲ್ಲೇ. ಆಗ ತೂತು ಮುಚ್ಚುವ ಬುದ್ಧಿ ನಮಗಿರಲಿಲ್ಲ ಎಂದುಕೊಂಡೆ. ಮೂರು ಸಲ ಬೆರಳು ಒತ್ತಿದೆ, ಮೂರೂ ಹೋದವು. ಗದ್ದ ಬೆಣ್ಣೆಯ ಹಾಗೆ ನುಣ್ಣಗಾಯಿತು. ಎಂದಿನಂತೆ ಒಂದು ಮನೆ ಬಿಳುಪು ಕೊಟ್ಟು, ಒಂದು ಚೀಲ ಅಚ್ಚು ಹಾಕಿಸಿ, ಕಿಟಕಿಯ ಹತ್ತಿರ ತೂಗುಹಾಕಿ ನೋಡಿದೆ. ನಿಜ ಹೇಳುತ್ತೇನೆ, ನನಗೆ ನನ್ನ ಮೇಲೆ ಬಹಳ ಹೆಮ್ಮೆಯಾಯಿತು.

ವಾರ ಬಿಟ್ಟು ಅಪ್ಪ ಮಗಳು ಬಂದರು. ಹುಡುಗಿ ಚೀಲ ನೋಡಿದವಳೇ ಎದೆಗೆ ಅವುಚಿಕೊಂಡಳು. ಅವ್ವ ಇಷ್ಟು ಚೆಂದ ಇದ್ದಳಾ ಎಂದು ಅಪ್ಪನನ್ನು ಕೇಳಿದಳು. ಅವನು ಹೂಂ ಅಂದ. ಅವಳು ಅತ್ತಳು, ನನ್ನ ಕೈ ಹಿಡಿದುಕೊಂಡಳು, ಆಮೇಲೆ ಮುಖ ತೊಳೆದುಕೊಂಡು ಬಳೆ ಕೊಳ್ಳುವುದಿದೆ ಎಂದು ಎದುರಿನ ಅಂಗಡಿಗೆ ಹೋದಳು. ಹೋಗುವಾಗಲೂ ಬಾಗಿಲಲ್ಲಿ ನಿಂತು ಒಮ್ಮೆ ಚೀಲವನ್ನು ತಿರುಗಿ ನೋಡಿದಳು. ನಾನು ಉಬ್ಬಿಹೋದೆ.

ಮುದುಕಪ್ಪ ಹೊಸ ಚೀಲದ ಮೇಲೆ ಹೆಬ್ಬೆರಳು ಇಟ್ಟು ಗದ್ದವನ್ನು ಸವರಿದ. ಹಳೆಯ ಚೀಲ ತೆಗೆದು ಅಲ್ಲಿಯೂ ಅದೇ ಜಾಗ ಸವರಿದ. ಚೆನ್ನಾಗಿ ಬಂದಿಲ್ಲವೇ ಎಂದು ನಾನೇ ಕೇಳಿದೆ. ಹೊಗಳಿಕೆ ಬರಲಿ ಎಂದೇ ಕೇಳಿದ್ದು, ಸುಳ್ಳೇಕೆ.

"ಚೆಂದ ಐತಿ ತಾಯಿ. ಆದ್ರ ಇದು ಆಕಿ ಅಲ್ಲ," ಅಂದ. ಬಾಗಿಲ ಕಡೆ ನೋಡಿ, "ನನ್ನ ಮಗಳಿಗಿ ಹೇಳಬ್ಯಾಡ್ರಿ. ಆಕಿ ಇದನ್ನಾ ಅವ್ವ ಅಂದ್ಕೊಂಡಾಳ. ಇರ್ಲಿ ಬಿಡ್ರಿ," ಅಂದ.

ನನಗೆ ಕೆಟ್ಟ ಸಿಟ್ಟು ಬಂತು. ಮೂರು ದಿನ ಕಣ್ಣು ಕಿತ್ತು ಕೆಲಸ ಮಾಡಿದ್ದೇನೆ, ಅಲ್ಲ ಅಂದರೆ ಏನರ್ಥ, ಯಾವುದು ಅಲ್ಲ, ಬಾಯಿ ಬಿಟ್ಟು ಹೇಳು ಯಪ್ಪಾ ಎಂದು ಗದರಿದೆ. ಅವನು ಬೇಸರ ಮಾಡಿಕೊಳ್ಳದೆ, ತನ್ನ ಗದ್ದ ಮುಟ್ಟಿಕೊಂಡು, ಇಲ್ಲಿ ಪಚ್ಚಬೊಟ್ಟು ಇತ್ತು, ಮೂರು ಅಂದ. ಪಚ್ಚಬೊಟ್ಟು ಎಂದರೆ ಹಚ್ಚೆ. ನಾನು ಅಳಿಸಿಹಾಕಿದ ಆ ಮೂರು ಗಂಟು.

ಆಮೇಲೆ ಅವನು ಹೇಳಿದ್ದು ಇಷ್ಟು. ಮದುವೆಯಾದ ಹೊಸತು. ಊರಿಗೆ ಹಚ್ಚೆ ಹಾಕುವವಳು ಬಂದಿದ್ದಳು. ಇವನ ಹೆಂಡತಿ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದಳು. ಎರಡು ಚುಕ್ಕಿ ಆಗಿತ್ತು. ನೋವಿಗೆ ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ, ದೂರದಲ್ಲಿ ನಿಂತಿದ್ದ ಇವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹೊಸ ಹೆಂಡತಿಯನ್ನು ಊರವರೆದುರು ಮಾತಾಡಿಸುವ ಹಾಗಿಲ್ಲ. ಅದಕ್ಕೆ ಮರದ ಹಿಂದಿನಿಂದ, ತಾಯಿಯನ್ನು ಹುಡುಕುವ ಕುರಿಮರಿಯ ಹಾಗೆ ಕೂಗಿದ. ಅವಳಿಗೆ ಯಾರೆಂದು ಗೊತ್ತಾಗಿಬಿಟ್ಟಿತು, ನಕ್ಕುಬಿಟ್ಟಳು. ಮೂರನೆಯ ಚುಕ್ಕಿ ಬಲಗಡೆಗೆ ಹೋಯಿತು. ಹಚ್ಚೆಯವಳು ಬೈದಳಂತೆ, "ನಗಬ್ಯಾಡ, ಸೂಜಿ ಜಾರ್ತೈತಿ," ಎಂದು. ಆದರೆ ಆಗಲೇ ಜಾರಿತ್ತು. ಅವತ್ತಿನಿಂದ ಅವಳು ನಕ್ಕಾಗಲೆಲ್ಲ ಆ ಸೊಟ್ಟ ಚುಕ್ಕಿಯನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು. ಇವನು ಸೆರಗು ಎಳೆದು ನೋಡುತ್ತಿದ್ದ.

ಅವನು ಇದನ್ನು ಹೇಳುವಾಗ ನನಗೊಂದು ನೆನಪು ಬಂತು. ಇಪ್ಪತ್ತು ವರ್ಷದ ಹಿಂದೆ ಅವಳು ಇದೇ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಏನೋ ಅಂದಿದ್ದಕ್ಕೆ ಸೆರಗನ್ನು ಗದ್ದಕ್ಕೆ ತಂದುಕೊಂಡು ನಕ್ಕಿದ್ದಳು. ಸೆರಗು ನೆನಪಿದೆ, ನಗು ನೆನಪಿದೆ. ಮುಖ ನೆನಪಿಲ್ಲ, ಯಾಕೆಂದರೆ ನಾನು ಫೋಟೋ ನೋಡುತ್ತಿದ್ದೆ. ಎದುರಿಗೆ ಕೂತವಳನ್ನು ನೋಡಲಿಲ್ಲ. ನನಗೆ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯಬೇಕು ಅನ್ನಿಸಿತು.

ಈ ಚೀಲ ಕೊಡುವುದಿಲ್ಲ ಎಂದೆ. ಮಗಳು ಸುಳ್ಳು ಮುಖ ಹಿಡಿದುಕೊಂಡು ಗಂಡನ ಮನೆಗೆ ಹೋಗುವುದು ನನ್ನ ಅಂಗಡಿಯಿಂದ ಆಗಬಾರದು. ಮುದುಕಪ್ಪ ಕೈ ಮುಗಿದ, ಹುಡುಗಿಗೆ ಇಷ್ಟವಾಗಿದೆ, ಕಪ್ಪಗೆ ಮಾಡಿ ತೋರಿಸಿ ನೋಯಿಸಬೇಡಿ ಎಂದ. ಆಗ ಇನ್ನೊಂದು ತಿಳಿಯಿತು. ಅವನ ಹೆಂಡತಿ ಕಪ್ಪಗಿದ್ದಳು, ನನ್ನ ಬಿಳುಪೂ ಅವನಿಗೆ ಕಂಡಿತ್ತು, ಅದನ್ನು ಹೇಳದೆ ನುಂಗಿಕೊಂಡಿದ್ದ. ನಾನು ಗೋಡೆಗೆ ಅಂಟಿಸಿದ್ದ ಹನ್ನೊಂದು ಮನೆಯ ಪಟ್ಟಿಯನ್ನು ಕಿತ್ತು ಅವನ ಮುಂದೆ ಇಟ್ಟೆ. ಅವಳ ಕೆನ್ನೆ ಯಾವುದು ತೋರಿಸು ಅಂದೆ.

ಕುರಿಗಾರರ ಕಣ್ಣು ಅದು. ನಮಗೆ ಒಂದೇ ಕಪ್ಪು ಅನ್ನಿಸುವ ಹತ್ತು ಕುರಿಗಳಿಗೆ ಹತ್ತು ಬಣ್ಣದ ಹೆಸರಿಟ್ಟು ಕರೆಯುವವರು. ಅವನು ಪಟ್ಟಿಯನ್ನು ಬಾಗಿಲ ಬೆಳಕಿಗೆ ಒಯ್ದು, ಒಂದೊಂದು ಮನೆಯ ಮೇಲೂ ಬೆರಳಿಟ್ಟು ಬಹಳ ಹೊತ್ತು ನೋಡಿದ. ಏಳನೆಯದು ಹಣೆ ಅಂದ. ಕೆನ್ನೆಗೆ ಎಂಟನೆಯದನ್ನು ಮುಟ್ಟಿ, ಅಲ್ಲವೆಂದು ತಲೆ ಅಲ್ಲಾಡಿಸಿ, ಏಳಕ್ಕೂ ಎಂಟಕ್ಕೂ ನಡುವಿನ ಗೆರೆಯ ಮೇಲೆ ಬೆರಳು ಇಟ್ಟ. ಕಣ್ಣಿನ ಕೆಳಗೆ ಒಂಬತ್ತು, ದೊಡ್ಡ ಮಗಳು ಹುಟ್ಟಿದ ಮೇಲೆ. ಕತ್ತು ಎಂಟು, ಮಂಗಳಸೂತ್ರದ ಅಡಿ ಆರು. ಇಪ್ಪತ್ತು ವರ್ಷದಲ್ಲಿ ಯಾವ ಯಂತ್ರವೂ ನನಗೆ ಇಷ್ಟು ಚೊಕ್ಕವಾಗಿ ಹೇಳಿಲ್ಲ. ನಾನು ನೋಟ್‌ಬುಕ್ಕು ತಂದು ಬರೆದುಕೊಂಡೆ. ಮಗಳು ಬಳೆ ಹಾಕಿಕೊಂಡು ಬರುವುದರೊಳಗೆ ನಮ್ಮ ಲೆಕ್ಕ ಮುಗಿದಿತ್ತು. ಅಚ್ಚಿನಲ್ಲಿ ಸಣ್ಣ ತಪ್ಪಿದೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದು ಅವಳಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು.

ಮತ್ತೆ ಮೊದಲಿನಿಂದ ಶುರು. ಈ ಸಲ ಹಳೆಯ ಚುಕ್ಕಿಯನ್ನು ಅಷ್ಟು ಕರಗಿಸಲಿಲ್ಲ. ಅಲೆ ಬರುವುದು ಸಾಲಿನಿಂದ, ಹೊಸ ಚುಕ್ಕಿಗೆ ಸಾಲೇ ಇಲ್ಲದಿದ್ದರೆ ಅಲೆ ಎಲ್ಲಿಂದ ಬರಬೇಕು? ಕಂಪ್ಯೂಟರಿನಲ್ಲಿ ಅದಕ್ಕೂ ಒಂದು ದಾರಿ ಇದೆ, ಕೈಯಿಂದ ರವೆ ಚೆಲ್ಲಿದ ಹಾಗೆ ಚುಕ್ಕಿಯನ್ನು ಅಡ್ಡಾದಿಡ್ಡಿ ಚೆಲ್ಲುವುದು. ನಾನು ಅದನ್ನು ಬಟ್ಟೆಗೆ ಬಳಸಿರಲಿಲ್ಲ, ಸಣ್ಣ ಚುಕ್ಕಿ ಬಟ್ಟೆಯಲ್ಲಿ ಬೇಗ ಊದುತ್ತದೆ ಎಂಬ ಭಯಕ್ಕೆ. ಈಗ ಅದಕ್ಕೇ ಬೇರೆ ಪಟ್ಟಿ ಹೊಡೆದೆ, ಊದುವುದನ್ನು ಅಳೆದೆ, ಇಳಿಸಿದೆ, ಮತ್ತೆ ಹೊಡೆದೆ. ಆರು ಪಟ್ಟಿ ಆದ ಮೇಲೆ ಮುದುಕಪ್ಪ ಹೇಳಿದ ಏಳು ಏಳಾಗಿಯೇ ಬಟ್ಟೆಯ ಮೇಲೆ ಬಂತು. ಒಂದು ಮನೆ ಬಿಳುಪು ಕೊಡಲು ಕೈ ತಾನಾಗಿ ಹೋಯಿತು. ಕೈಗೆ ಹೊಡೆದು ಹಿಂದೆ ತಂದುಕೊಂಡೆ.

ಉಳಿದದ್ದು ಗದ್ದ. ಚೆಲ್ಲಿದ ಚುಕ್ಕಿಗಳ ನಡುವೆ ಹಚ್ಚೆಯ ಚುಕ್ಕಿ ಹತ್ತರಲ್ಲಿ ಹನ್ನೊಂದಾಗಿ ಕಳೆದುಹೋಗುತ್ತದೆ. ಹಳೆಯ ಸ್ಕ್ಯಾನ್ ತೆಗೆದು, ಆ ಮೂರು ಗಂಟು ಎಲ್ಲಿದ್ದವೋ ಅಲ್ಲೇ, ಅಷ್ಟೇ ದೂರಕ್ಕೆ, ಮೂರು ಚುಕ್ಕಿಗಳನ್ನು ಉಳಿದವುಗಳಿಗಿಂತ ದಪ್ಪವಾಗಿ ಕೈಯಿಂದ ಇಟ್ಟೆ. ಮೂರನೆಯದನ್ನು ಇಡುವಾಗ, ಇಷ್ಟು ಸೊಟ್ಟ ಇದ್ದರೆ ಜನ ನಮ್ಮ ಕೆಲ್ಸಾನೇ ಕೆಟ್ಟದ್ದು ಅನ್ನುತ್ತಾರಲ್ಲ ಎಂದು ಒಳಗೇ ಒಂದು ಹುಳ ಕೊರೆಯಿತು. ಕೊರೆದುಕೊಳ್ಳಲಿ ಎಂದು ಬಿಟ್ಟೆ.

ಫಿಲ್ಮ್ ಒಳಗೆ ಕೊಟ್ಟು ಊಟಕ್ಕೆ ಕೂತಿದ್ದೆ. ಎರಡು ತುತ್ತು ಇಳಿದಿತ್ತು. ಆಗ ತಟ್ಟನೆ ನೆನಪಾಯಿತು, ನಮ್ಮವರಿಗೆ ನಾನು ಹಚ್ಚೆಯ ವಿಷಯ ಹೇಳಿಯೇ ಇಲ್ಲ. ಸಾಲು ತಪ್ಪಿದ ದಪ್ಪ ಚುಕ್ಕಿ, ಹತ್ತಿಯ ಕಾಲ, ಅವರ ಕೈಯಲ್ಲಿ ಕುಂಚ! ಎಂಜಲು ಕೈಯಲ್ಲೇ ಓಡಿದೆ. ಅವರು ತೊಳೆದ ಸ್ಕ್ರೀನನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. ಕುಂಚದ ತುದಿಯಲ್ಲಿ ಮದ್ದು ಇತ್ತು. ಗದ್ದದ ಮೂರು ತೂತುಗಳಿಂದ ಬೆಳಕು ಹಾಯುತ್ತಿತ್ತು. ಮುಚ್ಚಿರಲಿಲ್ಲ.

"ಇದು ಹಚ್ಚಿ ಅಲ್ಲೇನು?" ಅಂದರು. "ನಮ್ಮವ್ವಗೂ ಇತ್ತು. ಮೂರಾ."

ನಮ್ಮ ಅತ್ತೆ ನಾನು ಬರುವ ಮೊದಲೇ ತೀರಿಕೊಂಡವರು. ಊರಿನವರ ಮುಖವನ್ನೆಲ್ಲ ಅಚ್ಚು ಹಾಕುವ ನಮ್ಮ ಮನೆಯಲ್ಲಿ ಅವರದೊಂದು ಫೋಟೋ ಇಲ್ಲ. ಇದು ಮೊದಲೇ ಹೇಳಬಾರದಿತ್ತಾ, ನಾನು ಅಳಿಸಿಹಾಕುವಾಗ ಎಲ್ಲಿದ್ದಿರಿ ಎಂದು ಜಗಳಕ್ಕೆ ನಿಂತೆ. ನೀ ಕೇಳಲಿಲ್ಲ ಅಂದರು. ಅದೂ ನಿಜವೇ. ಅವರು ಆ ಮೂರು ತೂತು ಬಿಟ್ಟು ಸುತ್ತಲಿನ ಎಳೆಯ ತೂತುಗಳನ್ನೆಲ್ಲ ಮುಚ್ಚಿದರು. ಅಷ್ಟು ನಿಧಾನವಾಗಿ ಅವರು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ನಾನು ಊಟ ಮರೆತು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ.

ನಾಲ್ಕನೆಯ ದಿನ ಅಪ್ಪ ಮಗಳು ಬಂದಾಗ ಅಂಗಡಿ ತುಂಬ ಗಿರಾಕಿಗಳು.  ಚೀಲವನ್ನು ಮಗಳ ಕೈಗೆ ಕೊಡಲಿಲ್ಲ, ಬಾಗಿಲಿಗೆ ಎದುರಾಗಿ ಒಳಗೋಡೆಗೆ ತೂಗುಹಾಕಿದ್ದೆ. ಮುದುಕಪ್ಪ ಹೊಸ್ತಿಲು ದಾಟಿದವನು ಅಲ್ಲೇ ನಿಂತ. ಮುಂದೆ ಬರಲಿಲ್ಲ, ಹಿಂದೆಯೂ ಸರಿಯಲಿಲ್ಲ. ಹೆಗಲ ಕಂಬಳಿ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ.

ಹುಡುಗಿ ಮಾತ್ರ ಹತ್ತಿರ ಹೋದಳು. ಮೊದಲ ಚೀಲದ ಬೆಳ್ಳನೆಯ ಹೆಂಗಸು ಇಲ್ಲಿ ಇರಲಿಲ್ಲ. ಬಿಸಿಲು ತಿಂದ ಮುಖ, ಕಣ್ಣಿನ ಕೆಳಗೆ ಕಪ್ಪು, ಬಿಗಿಹಿಡಿದ ತುಟಿ. ಅವಳು ತನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡದ್ದನ್ನು ನಾನು ನೋಡಿದೆ. ಇಷ್ಟವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಇಲ್ಲೊಂದು ಚುಕ್ಕಿ ಸೊಟ್ಟಾಗೈತಲ್ಲಕ್ಕಾ ಎಂದು ಮೆಲ್ಲಗೆ ಕೇಳಿದಳು. ನನ್ನ ತಪ್ಪನ್ನು ಎತ್ತಿ ತೋರಿಸಲು ಅವಳಿಗೆ ಸಂಕೋಚ.

ನಾನು ಮುದುಕಪ್ಪನನ್ನು ನೋಡಿದೆ. ಅವನು ಮಗಳಿಗೆ ಹೇಳಲು ಶುರು ಮಾಡಿದ, ಬೇವಿನ ಮರ, ಹಚ್ಚೆಯವಳು, ಎರಡು ಚುಕ್ಕಿ, ಕಣ್ಣಲ್ಲಿ ನೀರು. ಇಷ್ಟು ವರ್ಷ ಮಗಳಿಗೆ ಅದನ್ನು ಹೇಳಿಯೇ ಇರಲಿಲ್ಲ. ತಾನು ಮರದ ಹಿಂದೆ ನಿಂತದ್ದರವರೆಗೆ ಬಂದ. ಆಗ ಅವನು, ಅಷ್ಟು ಜನ ಗಿರಾಕಿಗಳ ನಡುವೆ, ಗೋಡೆಯ ಮೇಲಿನ ಮುಖವನ್ನೇ ನೋಡುತ್ತ, ಕುರಿಮರಿಯ ಹಾಗೆ ಕೂಗಿದ.

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಒಳಗಿನಿಂದ ನಮ್ಮವರು ಹೊರಗೆ ಬಂದರು. ಹುಡುಗಿ ಒಂದು ಗಳಿಗೆ ಬೆಪ್ಪಾಗಿ ಅಪ್ಪನನ್ನು ನೋಡಿ, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು. ನಗುತ್ತ, ಯಾರೂ ಹೇಳಿಕೊಡದೆ, ದಾವಣಿಯ ಸೆರಗನ್ನು ಗದ್ದಕ್ಕೆ ತಂದುಕೊಂಡಳು. ಮುದುಕಪ್ಪ ಚೀಲವನ್ನು ನೋಡಿದ, ಮಗಳನ್ನು ನೋಡಿದ. ಎರಡು ಹೆಜ್ಜೆ ಮುಂದೆ ಬಂದು, ಅವಳ ಸೆರಗನ್ನು ಗದ್ದದಿಂದ ಸರಿಸಿದ.

"ನಗಬ್ಯಾಡ," ಅಂದ, "ಸೂಜಿ ಜಾರ್ತೈತಿ."